ಮರದಿಂದ ಇಳಿದದ್ದೋ, ನೆಲದಿಂದ ಎದ್ದದ್ದೋ? ಡೈನೋಸಾರ್ ಹಾರಾಟದ ಸಾಕ್ಷ್ಯ

ರಾಯಚೂರು, ಕೊಪ್ಪಳದ ಮನೆಗಳಲ್ಲಿ ಹಾಸುವ ಶಹಾಬಾದ್ ಪರಸಿ ಸುಣ್ಣಕಲ್ಲು. ಉಳಿ ಇಟ್ಟು ಹೊಡೆದರೆ ಪದರ ಪದರವಾಗಿ ಏಳುತ್ತದೆ. ಜರ್ಮನಿಯ ಸೋಲ್ನ್‌ಹೋಫೆನ್‌ನಲ್ಲೂ ಪದರು ಏಳುವ ಸುಣ್ಣಕಲ್ಲನ್ನು ಕಲ್ಲಚ್ಚಿನ ಮುದ್ರಣಕ್ಕೆಂದು ಕೀಳುತ್ತಿದ್ದರು. 1861ರಲ್ಲಿ ಅಲ್ಲಿ ಮೊದಲು ಒಂದು ಗರಿಯ ಅಚ್ಚು, ಆಮೇಲೆ ಗರಿಸಹಿತ ಅಸ್ಥಿಪಂಜರ ಬೆಳಕಿಗೆ ಬಂತು. ಅದು ಸುಮಾರು 15 ಕೋಟಿ ವರ್ಷ ಹಿಂದಿನ ಆರ್ಕಿಯಾಪ್ಟೆರಿಕ್ಸ್. ಬೆರಳಿಗೆ ಉಗುರು, ಎಲುಬಿನ ಉದ್ದ ಬಾಲ, ಮೈಗೆ ಹಕ್ಕಿಯ ಗರಿ. ನಮ್ಮ ಪರಸಿಯಲ್ಲಿ ಹುಡುಕಿ ಫಲವಿಲ್ಲ, ಅದು ಪ್ರಾಣಿಗಳಿಗೆ ಎಲುಬು ಬರುವುದಕ್ಕೂ ಬಹಳ ಮೊದಲಿನದು. ಆನೆಗುಂದಿಯ ಗ್ರಾನೈಟ್ ಇನ್ನೂ ಹಳೆಯದು.

ಹಕ್ಕಿಗೂ ಡೈನೋಸಾರ್‌ಗೂ ನಂಟಿದೆ ಎಂದು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ 1860ರ ದಶಕದ ಕೊನೆಯಲ್ಲೇ ಹೇಳಿದ್ದರು. ಹಕ್ಕಿಯ ಪೂರ್ವಜರು ಹಾರಲು ಕಲಿತದ್ದು ಹೇಗೆ ಎಂಬ ಜಗಳ ಹುಟ್ಟಿದ್ದು ಆಮೇಲೆ. ನೆಲದ ಮೇಲೆ ಓಡುತ್ತಾ ಓಡುತ್ತಾ ಎದ್ದವು ಎಂದು 1879ರಲ್ಲಿ ಅಮೆರಿಕದ ವಿಜ್ಞಾನಿ ವಿಲಿಸ್ಟನ್, ಮರದಿಂದ ಜಿಗಿಯುತ್ತಾ ಕಲಿತವು ಎಂದು 1880ರಲ್ಲಿ ಅಲ್ಲಿನವರೇ ಆದ ಮಾರ್ಷ್. 1926ರಲ್ಲಿ ಡೆನ್ಮಾರ್ಕಿನ ಹೈಲ್‌ಮನ್ ಹಕ್ಕಿ-ಡೈನೋಸಾರ್ ನಂಟನ್ನೇ ತಳ್ಳಿಹಾಕಿದರು. ಹಕ್ಕಿಯ ಎದೆಯ ಮೇಲಿರುವ ಕವಲೆಲುಬು ಡೈನೋಸಾರ್‌ಗಳಲ್ಲಿ ಇಲ್ಲ ಎಂಬುದೇ ಅವರ ಕಾರಣ. ಆದರೆ 1924ರಲ್ಲಿ ವರ್ಣಿಸಿದ ಓವಿರಾಪ್ಟರ್ ಎಂಬ ಡೈನೋಸಾರ್‌ನಲ್ಲಿ ಆ ಎಲುಬು ಇತ್ತು, ಬೇರೆ ಎಲುಬೆಂದು ಗುರುತಿಸಿಬಿಟ್ಟಿದ್ದರು ಅಷ್ಟೇ. ಒಂದು ತಪ್ಪು ಹೆಸರು ಈ ವಿಷಯವನ್ನು ನಾಲ್ಕು ದಶಕ ಹಿಂದಕ್ಕೆ ಎಳೆಯಿತು.

ದಾರಿ ತೆರೆದದ್ದು ಮಣಿಕಟ್ಟು. ಜವಾರಿ ಕೋಳಿಯ ರೆಕ್ಕೆಯನ್ನು ಮಡಚಿ ನೋಡಿ: ತುದಿಯ ಭಾಗ ಮೇಲೆ ಕೆಳಗೆ ಬಾಗುವುದಿಲ್ಲ, ಪಕ್ಕಕ್ಕೆ ಸರಿದು ಮೈಗೆ ಒತ್ತಿಕೊಳ್ಳುತ್ತದೆ. ಹಾಗೆ ಸರಿಯಲು ಬೇಕಾದ ಅರ್ಧಚಂದ್ರದಂಥ ಎಲುಬು ನೆಲದ ಬೇಟೆಗಾರ ಡೈನೋಸಾರ್ ಡೈನಾನಿಕಸ್‌ನಲ್ಲಿ ಇತ್ತು. ಅಮೆರಿಕದ ಜಾನ್ ಆಸ್ಟ್ರಮ್ ಇದನ್ನು 1969ರಲ್ಲಿ ವರ್ಣಿಸಿದರು. ರೆಕ್ಕೆಯ ಕೀಲು ಹಾರಾಟಕ್ಕೂ ಮೊದಲೇ ತಯಾರಾಗಿತ್ತು ಎಂಬುದಕ್ಕೆ ಇದು ಗಟ್ಟಿ ಸುಳಿವು.

ಗರಿ ಅಷ್ಟು ನೇರ ಸಾಕ್ಷಿಯಲ್ಲ. 1996ರಲ್ಲಿ ಚೀನಾದ ಲಿಯಾವೊನಿಂಗ್‌ನಿಂದ ಬಂದ ಸೈನೋಸಾರಾಪ್ಟೆರಿಕ್ಸ್ ಎಂಬ ಡೈನೋಸಾರ್‌ಗೆ ಇದ್ದದ್ದು ಬರೀ ನವಿರು. ಹಾರಲು ಅದು ಸಾಲದು. ನೋಡಬೇಕಾದದ್ದು ಗರಿಯ ಅಗಲ: ಕೋಳಿಯ ರೆಕ್ಕೆಯ ತುದಿಗರಿಯಲ್ಲಿ ಕಡ್ಡಿಯ ಮುಂದಿನ ಪಕ್ಕ ಕಿರಿದು, ಹಿಂದಿನದು ಅಗಲ. ಹಾರುವ ಗರಿಯ ಗುರುತು ಇದೇ. 2003ರಲ್ಲಿ ವರ್ಣಿಸಿದ ಮೈಕ್ರೋರಾಪ್ಟರ್ ಎಂಬ ಡೈನೋಸಾರ್‌ನಲ್ಲಿ ಇಂಥ ಗರಿ ಕಾಲಲ್ಲೂ ಇದ್ದವು. ನಾಲ್ಕು ರೆಕ್ಕೆ! ಮರದ ಪಕ್ಷದವರಿಗೆ ಹಬ್ಬವಾಯಿತು. ಆದರೆ ಅದರ ವಯಸ್ಸು ಸುಮಾರು 12 ಕೋಟಿ ವರ್ಷ, ಅಂದರೆ ಆರ್ಕಿಯಾಪ್ಟೆರಿಕ್ಸ್‌ಗಿಂತ 3 ಕೋಟಿ ವರ್ಷ ಈಚಿನದು. ಹಾರಾಟದ ಆರಂಭಕ್ಕೆ ಅದೊಂದನ್ನೇ ಸಾಕ್ಷಿ ಮಾಡಲಾಗದು.

2003ರಲ್ಲೇ ಪ್ರಕಟವಾದ ಪ್ರಯೋಗದಲ್ಲಿ ಅಮೆರಿಕದ ಕೆನ್ ಡಯಲ್, ಕೋಳಿಯ ಬಳಗದ ಚುಕಾರ್ ಹಕ್ಕಿಯ ಮರಿಗಳನ್ನು ಇಳಿಜಾರು ಹಲಗೆಯ ಮೇಲೆ ಓಡಿಸಿದರು. ರೆಕ್ಕೆ ಬಡಿದಂತೆ ಅವುಗಳ ಪಾದ ಹಲಗೆಗೆ ಒತ್ತಿ ಹಿಡಿಯುತ್ತಿತ್ತು, ಗರಿ ಕತ್ತರಿಸಿದರೆ ಏರುವ ಬಲ ತಗ್ಗುತ್ತಿತ್ತು. ಬಣವೆ ಏರುವ ಕೋಳಿಮರಿ ಪಟಪಟ ರೆಕ್ಕೆ ಬಡಿಯುವುದನ್ನು ಕಂಡವರಿಗೆ ಇದು ಹೊಸದಲ್ಲ. ಅರ್ಧ ರೆಕ್ಕೆಯೂ ಉಪಯೋಗಕ್ಕೆ ಬರುತ್ತದೆ ಎಂದು ಈ ಪ್ರಯೋಗ ತೋರಿಸಿತು, ಅದರ ಬೆಲೆ ದೊಡ್ಡದು. ತೊಡಕಿರುವುದು ಭುಜದಲ್ಲಿ. ಇಂದಿನ ಹಕ್ಕಿ ರೆಕ್ಕೆಯನ್ನು ಬೆನ್ನಿನ ಮೇಲಕ್ಕೆ ಎತ್ತುತ್ತದೆ. ಆರ್ಕಿಯಾಪ್ಟೆರಿಕ್ಸ್‌ನ ಭುಜದ ಗುಳಿ ಪಕ್ಕಕ್ಕೆ ತೆರೆದಿತ್ತು, ಅಷ್ಟು ಎತ್ತಲು ಬರುತ್ತಿರಲಿಲ್ಲ. ಆದರೂ 2018ರಲ್ಲಿ ಅದರ ತೋಳೆಲುಬನ್ನು ಎಕ್ಸ್‌ರೇಯಲ್ಲಿ ನೋಡಿದಾಗ, ಕೋಳಿಯ ಬಳಗದ ಫೆಸೆಂಟ್‌ಗಳಂತೆ ಸ್ವಲ್ಪ ದೂರ ಪಟ್ಟನೆ ಹಾರುವ ಹಕ್ಕಿಗಳ ಎಲುಬಿಗೆ ಹೋಲಿತು.

2015ರಲ್ಲಿ ವರ್ಣಿಸಿದ ಯಿ ಚಿ ಎಂಬ ಡೈನೋಸಾರ್ ಅಂತೂ ಬಾವಲಿಯಂತೆ ಚರ್ಮದ ರೆಕ್ಕೆಯದು. 2020ರ ಒಂದು ಅಧ್ಯಯನ ಮೈತೂಕಕ್ಕೆ ರೆಕ್ಕೆಯ ವಿಸ್ತಾರವನ್ನು ತೂಗಿ, ಹಾರುವ ಸಾಮರ್ಥ್ಯ ಕನಿಷ್ಠ 3 ಬಾರಿ ಬೇರೆ ಬೇರೆಯಾಗಿ ಮೂಡಿರಬೇಕು ಎಂದಿತು. ಹಾಗಾದರೆ ಮರವೋ ನೆಲವೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಬೇಕಿಲ್ಲ.

ಈ ಲೆಕ್ಕ ಕೆಡುವುದು ಸುಲಭ. ತೂಕವನ್ನು ತೊಡೆಯೆಲುಬಿನ ಅಳತೆಯಿಂದ ಊಹಿಸುತ್ತಾರೆ, ವಿಸ್ತಾರವನ್ನು ಗರಿಯ ಉದ್ದದಿಂದ. ಕಲ್ಲಿನ ಅಂಚಿನಲ್ಲಿ ಗರಿಯ ತುದಿ ಮುರಿದಿದ್ದರೆ ಹಾರಬಲ್ಲದ್ದೂ ಹಾರದ್ದೆಂದು ಬರುತ್ತದೆ. 1999ರಲ್ಲಿ ಸುದ್ದಿಯಾದ ಆರ್ಕಿಯೋರಾಪ್ಟರ್ ಎಂಬ ನಕಲಿ ಪಳೆಯುಳಿಕೆಗೆ ಹಕ್ಕಿಯ ಮೈ, ಮೈಕ್ರೋರಾಪ್ಟರ್‌ನ ಬಾಲ ಅಂಟಿಸಿದ್ದರು. ಅದಕ್ಕೇ ಮಾರಾಟಕ್ಕೆ ಬಂದ ಕಲ್ಲನ್ನು ಮೊದಲು ಸಿಟಿ ಸ್ಕ್ಯಾನ್ ಮಾಡಿ, ಚೂರುಗಳ ಬಿರುಕು ಒಂದಕ್ಕೊಂದು ಕೂಡುತ್ತದೆಯೇ ನೋಡಿ, ಆಮೇಲೆ ಗರಿ ಅಳೆಯಬೇಕು.