ಟೋಸ್ಕಾ: ನಾಟಕದಿಂದ ಒಪೆರಾಕ್ಕೆ ಬರುವಾಗ ಉಳಿದದ್ದು, ಉದುರಿದ್ದು

ಚಿತ್ರಹಿಂಸೆ, ಕೊಲೆ, ಆತ್ಮಹತ್ಯೆ ಬಿಟ್ಟರೆ ಇಟಲಿಯ ಸಂಗೀತಗಾರ ಪುಚ್ಚೀನಿಯ ‘ಟೋಸ್ಕಾ’ ಒಪೆರಾದ (ಹಾಡಿನಲ್ಲೇ ಸಾಗುವ ನಾಟಕದ) ಕತೆಯಲ್ಲಿ ಹುರುಳಿಲ್ಲ ಎಂಬ ಆಕ್ಷೇಪ ಅದರಷ್ಟೇ ಹಳೆಯದು. ಈ ದೋಷವನ್ನು ಮೂಲ ಫ್ರೆಂಚ್ ನಾಟಕದ ತಲೆಗೆ ಕಟ್ಟುವ ರೂಢಿಯೂ ಇದೆ. ನಾಟಕವನ್ನು ಓದಿದವರಿಗೆ ಈ ಮಾತನ್ನು ಒಪ್ಪುವುದು ಕಷ್ಟ.

ಫ್ರೆಂಚ್ ನಾಟಕಕಾರ ವಿಕ್ಟೋರಿಯಾಂ ಸಾರ್ದೂ ಖ್ಯಾತ ನಟಿ ಸಾರಾ ಬರ್ನಾರ್‌ಗಾಗಿಯೇ ಬರೆದ ‘ಲಾ ಟೋಸ್ಕಾ’ 1887ರ ನವೆಂಬರ್ 24ರಂದು ಪ್ಯಾರಿಸ್‌ನ ಪೋರ್ತ್ ಸೇಂ-ಮಾರ್ತಾಂ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ಕತೆ ನಡೆಯುವುದು 1800ರ ಜೂನ್ ತಿಂಗಳ ರೋಮ್‌ನಲ್ಲಿ. ಮರೆಂಗೊ ಯುದ್ಧದಲ್ಲಿ ನೆಪೋಲಿಯನ್ ಸೋತನೆಂಬ ಸುಳ್ಳು ಸುದ್ದಿಯನ್ನು ನಂಬಿ ಊರು ಸಂಭ್ರಮಿಸುತ್ತಿರುವಾಗ, ಗಾಯಕಿ ಟೋಸ್ಕಾ, ಅವಳ ಪ್ರಿಯಕರ ಕವರಡೋಸ್ಸಿ ಮತ್ತು ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ ನಡುವಿನ ದುರಂತ ಬಿಚ್ಚಿಕೊಳ್ಳುತ್ತದೆ.

ಒಪೆರಾ ಮಾಡಲು ಅನುಮತಿ ತರಿಸಿಕೊಡುವಂತೆ ಪುಚ್ಚೀನಿ ತನ್ನ ಪ್ರಕಾಶಕ ಜೂಲಿಯೊ ರಿಕೋರ್ಡಿಗೆ ಪತ್ರ ಬರೆದದ್ದು 1889ರ ಮೇ ತಿಂಗಳಲ್ಲಿ. ಆದರೆ ಮಾತುಕತೆ ಎಳೆದಾಡಿ, ಕೃತಿ ಕೊನೆಗೆ ಆಲ್ಬೆರ್ಟೊ ಫ್ರಾಂಕೆಟ್ಟಿ ಎಂಬ ಇನ್ನೊಬ್ಬ ಸಂಗೀತಗಾರನ ಪಾಲಾಯಿತು. 1895ರಲ್ಲಿ ಆತ ಹಕ್ಕನ್ನು ಬಿಟ್ಟುಕೊಟ್ಟ. ವಸ್ತು ಒಪೆರಾಕ್ಕೆ ಒಗ್ಗದೆಂದು ಹೇಳಿ ಅವನ ಮನಸ್ಸು ತಿರುಗಿಸಲಾಯಿತೆಂದು ಕೆಲವರು ಹೇಳಿದರೆ, ಆತ ಸ್ವಇಚ್ಛೆಯಿಂದಲೇ ಕೊಟ್ಟನೆಂಬುದು ಅವನ ಕುಟುಂಬದವರ ಮಾತು.

ನಿಜವಾದ ಕಸರತ್ತು ಆರಂಭವಾದದ್ದು ಆಮೇಲೆ. ಘಟನೆಗಳೇ ತುಂಬಿರುವ ಕತೆಯಲ್ಲಿ ಕಾವ್ಯಕ್ಕೆ ಎಡೆಯೆಲ್ಲಿ ಎಂದು ಸಾಹಿತ್ಯ ರಚಿಸಬೇಕಿದ್ದ ಜೂಸೆಪ್ಪೆ ಜಕೋಸಾ ಗೊಣಗಿದ. ಆದರೂ ಅವನೂ ಲುಯಿಜಿ ಇಲ್ಲಿಕಾನೂ ಸೇರಿ ಐದು ಅಂಕಗಳನ್ನು ಮೂರಕ್ಕೆ ಇಳಿಸಿದರು. ಹಾಡಿನಲ್ಲಿ ಮಾತಿಗಿಂತ ಹೆಚ್ಚು ಹೊತ್ತು ಹಿಡಿಯುವುದರಿಂದ ಕತ್ತರಿ ಹಾಕದೆ ವಿಧಿಯಿರಲಿಲ್ಲ. ಆದರೆ ಕತ್ತರಿಗೆ ಸಿಕ್ಕಿದ್ದು ನಾಟಕದ ಇತಿಹಾಸಪ್ರಜ್ಞೆ. ನಾಟಕದ ಎರಡನೆಯ ಅಂಕದಲ್ಲಿ ಫರ್ನೇಸೆ ಅರಮನೆಯ ಔತಣ ನಡೆಯುತ್ತಿರುವಾಗಲೇ, ಗೆದ್ದವನು ನೆಪೋಲಿಯನ್ನನೇ ಎಂಬ ನಿಜಸುದ್ದಿಯ ಪತ್ರ ಬರುತ್ತದೆ. ನೇಪಲ್ಸ್‌ನ ರಾಣಿ ಮರಿಯಾ ಕರೋಲಿನಾ ಅದನ್ನು ಎಲ್ಲರೆದುರು ಓದುತ್ತ ಮೂರ್ಛೆ ಹೋಗುತ್ತಾಳೆ. ಒಂದು ಆಳ್ವಿಕೆಯ ಸುಳ್ಳು ಅದರ ಆಸ್ಥಾನದಲ್ಲೇ ಕುಸಿಯುವ ಈ ದೃಶ್ಯಕ್ಕೆ ಒಪೆರಾದಲ್ಲಿ ಜಾಗವಿಲ್ಲ. ಅದೇ ಸುದ್ದಿಯನ್ನು ಸ್ಕಾರ್ಪಿಯಾನ ಕೋಣೆಗೆ ಒಬ್ಬ ಅಧಿಕಾರಿ ತಂದು ಹೇಳುತ್ತಾನೆ. ಕೈದಿ ಆಂಜೆಲೊಟ್ಟಿ ಏಕೆ ಸೆರೆಯಾದ, ಆಡು ಕಾಯುತ್ತಿದ್ದ ಅನಾಥ ಹುಡುಗಿ ಟೋಸ್ಕಾ ಗಾಯಕಿ ಆದದ್ದು ಹೇಗೆ ಎಂಬ ವಿವರಗಳೂ ಹೋದವು. ಪಾತ್ರಗಳು ಯಾವ ಕಾರಣಕ್ಕೆ ಹಾಗೆ ನಡೆದುಕೊಳ್ಳುತ್ತವೆ ಎಂಬುದನ್ನು ತೆಗೆದುಹಾಕಿದ ಮೇಲೆ ಕ್ರೌರ್ಯ ಮಾತ್ರ ಎದ್ದು ಕಂಡರೆ ಅಚ್ಚರಿಯಿಲ್ಲ.

ಹಾಗೆಂದು ಪುಚ್ಚೀನಿ ರೋಮ್‌ನ ವಾಸ್ತವವನ್ನು ಕಡೆಗಣಿಸಿದನೆನ್ನಲಾಗದು. ಸೇಂಟ್ ಪೀಟರ್ಸ್ ಚರ್ಚಿನ ದೊಡ್ಡ ಗಂಟೆಯ ಸ್ವರ ಯಾವುದೆಂದು ವಿಚಾರಿಸಿದ. ಮುಂಜಾನೆಯ ಗಂಟೆಗಳು ಹೇಗೆ ಕೇಳಿಸುತ್ತವೆಂದು ತಿಳಿಯಲು, ಕೊನೆಯ ಅಂಕ ನಡೆಯುವ ಸಾಂತಾಂಜೆಲೊ ಕೋಟೆಗೇ ಹೋದ. 1899ರ ಜನವರಿಯಲ್ಲಿ ಪುಚ್ಚೀನಿ ಪ್ಯಾರಿಸ್‌ಗೆ ಹೋಗಿದ್ದಾಗ, ಕೊನೆಯ ದೃಶ್ಯದಲ್ಲಿ ಚರ್ಚಿಗೂ ಕೋಟೆಗೂ ನಡುವೆ ಟೈಬರ್ ನದಿ ಹರಿಯಬೇಕೆಂದು ಸಾರ್ದೂ ಪಟ್ಟು ಹಿಡಿದ. ನದಿ ಇರುವುದು ಕೋಟೆಯ ಇನ್ನೊಂದು ಬದಿಗೆ ಎಂದು ಪುಚ್ಚೀನಿ ಹೇಳಿದಾಗ, ಅದೇನೂ ದೊಡ್ಡ ವಿಷಯವಲ್ಲ ಎಂದು ಶಾಂತವಾಗಿ ಉತ್ತರಿಸಿದ.

ಒಪೆರಾ 1900ರ ಜನವರಿ 14ರಂದು ರೋಮ್‌ನ ಕೊಸ್ತಾಂಜಿ ರಂಗಮಂದಿರದಲ್ಲಿ ಮೊದಲು ಪ್ರದರ್ಶನಗೊಂಡಿತು. ವಿಮರ್ಶಕರು ಅಂದು ಅಷ್ಟಾಗಿ ಮೆಚ್ಚದಿದ್ದರೂ ಪ್ರೇಕ್ಷಕರು ಕೈಬಿಡಲಿಲ್ಲ. ಇಂದಿಗೂ ಜಗತ್ತಿನ ದೊಡ್ಡ ರಂಗಮಂದಿರಗಳಲ್ಲಿ ಅದು ಮತ್ತೆ ಮತ್ತೆ ಪ್ರದರ್ಶನ ಕಾಣುತ್ತಿದೆ. ಬರ್ನಾರ್ ದಶಕಗಳ ಕಾಲ ದೇಶದೇಶಗಳಿಗೆ ಕೊಂಡೊಯ್ದ ನಾಟಕ ಮಾತ್ರ ಆಕೆಯ ನಂತರ ರಂಗದ ಮೇಲೆ ಅಪರೂಪವಾಯಿತು.