ಪದ ಪರಿಚಯ: ಅಂತರದೇಶೀಯ ದತ್ತು

ನಮ್ಮ ಮಾತಿನಲ್ಲಿ ದತ್ತು ಯಾವಾಗಲೂ ‘ತಗೊಳ್ಳೋದೇ’. ಮಗು ದತ್ತು ತಗೊಂಡರಂತೆ. ಯಾವುದೋ ಕಂಪನಿ ಸರ್ಕಾರಿ ಶಾಲೆ ದತ್ತು ತಗೊಂಡಿತಂತೆ. ಬನ್ನೇರುಘಟ್ಟದಲ್ಲಿ ದುಡ್ಡು ಕಟ್ಟಿದರೆ ಪ್ರಾಣಿಗಳನ್ನೂ ದತ್ತು ತಗೊಳ್ಳಬಹುದು. ಆದರೆ ಪದದ ಒಳಗೆ ಇಣುಕಿದರೆ ಅಲ್ಲಿ ತೆಗೆದುಕೊಳ್ಳುವವರು ಇಲ್ಲವೇ ಇಲ್ಲ. ಸಂಸ್ಕೃತದ ‘ದತ್ತ’ ಅಂದರೆ ಕೊಟ್ಟದ್ದು. ದತ್ತಿ ನಿಧಿಯ ದತ್ತಿ, ದೇವದತ್ತನ ದತ್ತ, ಎಲ್ಲಾ ಒಂದೇ ಬಳ್ಳಿಯವು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂದದ್ದು 1956ರಲ್ಲಿ. ಮಗುವನ್ನು ನಿಜವಾಗಿಯೂ ಕೊಟ್ಟಿರಬೇಕು, ತೆಗೆದುಕೊಂಡಿರಬೇಕು ಅನ್ನುತ್ತದೆ ಅದು. ಹೋಮ ಮಾಡದಿದ್ದರೂ ನಡೆಯುತ್ತದೆ, ಕೊಟ್ಟು ತೆಗೆದುಕೊಳ್ಳದೆ ನಡೆಯುವುದಿಲ್ಲ.

ಪಕ್ಕದಲ್ಲೇ ಅಚ್ಚಗನ್ನಡದ ಇನ್ನೊಂದು ಪದ ಇದೆ: ಸಾಕುಮಗು. ಇದರಲ್ಲಿ ಪ್ರೀತಿ ಇದೆ, ಕಾಗದ ಇಲ್ಲ. ಅಕ್ಕನ ಮಗನನ್ನು ಚಿಕ್ಕಮ್ಮ ಸಾಕಿದರೆ ಅವನು ಸಾಕುಮಗ, ಆದರೆ ಅಷ್ಟರಿಂದಲೇ ಆಸ್ತಿಯಲ್ಲಿ ಪಾಲು ಬರುವುದಿಲ್ಲ. ದತ್ತುಮಗನಿಗೆ ಬರುತ್ತದೆ.

ಇನ್ನು ‘ಅಂತರದೇಶೀಯ’. ಮಗು ಒಂದು ದೇಶದಲ್ಲಿ, ತಂದೆತಾಯಿ ಆಗುವವರು ಇನ್ನೊಂದರಲ್ಲಿ. ಇಲ್ಲಿ ಲೆಕ್ಕಕ್ಕೆ ಬರುವುದು ಮೈಬಣ್ಣವೂ ಅಲ್ಲ, ಮನೆಮಾತೂ ಅಲ್ಲ, ವಾಸ. ಅಮೆರಿಕದಲ್ಲಿ ನೆಲೆಸಿರುವ ಮಂಡ್ಯದ ಗಂಡ ಹೆಂಡತಿ ಬೆಂಗಳೂರಿನ ಮಗುವನ್ನು ಪಡೆದರೂ ಅದು ಅಂತರದೇಶೀಯವೇ.

ಗಡಿ ದಾಟಿದ ಕೂಡಲೇ ಹಳೆಯ ಪ್ರಶ್ನೆ ದೊಡ್ಡದಾಗುತ್ತದೆ: ಕೊಟ್ಟವರು ಯಾರು? ಮನಸ್ಸಿದ್ದು ಕೊಟ್ಟರಾ, ಯಾರಾದರೂ ಕೊಡಿಸಿದರಾ? ಬಡ ದೇಶದಿಂದ ಶ್ರೀಮಂತ ದೇಶಕ್ಕೆ ಮಕ್ಕಳು ಹೋಗುವ ದಾರಿಯಲ್ಲಿ ದಲ್ಲಾಳಿಗಳು ಕೂತಿದ್ದರು. ಅದಕ್ಕೇ 1993ರಲ್ಲಿ ಹೇಗ್ ಒಪ್ಪಂದ ಬಂತು. ಭಾರತ ಅದಕ್ಕೆ ಸೇರಿದ್ದು 2003ರಲ್ಲಿ. ಹೆತ್ತವಳ ಒಪ್ಪಿಗೆ ಬೇಕಾದ ಕಡೆ, ಅದನ್ನು ಹೆರಿಗೆಯ ನಂತರವೇ ಪಡೆಯಬೇಕು ಅನ್ನುತ್ತದೆ ಒಪ್ಪಂದ. ಹಣ ಕೊಟ್ಟು ಒಪ್ಪಿಸುವಂತಿಲ್ಲ. ಮಗುವಿಗೆ ತನ್ನ ದೇಶದಲ್ಲೇ ಮನೆ ಸಿಗುತ್ತದಾ ಅಂತ ಮೊದಲು ನೋಡಬೇಕು. ಇಷ್ಟಿದ್ದರೂ ಎಲ್ಲವೂ ಸರಿಹೋಗಲಿಲ್ಲ. ಇಥಿಯೋಪಿಯಾ 2018ರಲ್ಲಿ ವಿದೇಶಿಯರಿಗೆ ದತ್ತು ಕೊಡುವುದನ್ನೇ ನಿಷೇಧಿಸಿತು. ಚೀನಾ ಕೂಡ 2024ರಲ್ಲಿ, ಕೆಲವು ಸಂಬಂಧಿಕರನ್ನು ಬಿಟ್ಟು ಉಳಿದವರಿಗೆ, ಬಾಗಿಲು ಹಾಕಿತು.

ನಮ್ಮಲ್ಲಿ 2015ರ ಬಾಲ ನ್ಯಾಯ ಕಾಯ್ದೆ ಇದೆ. ಸಾಕಲಾಗದೆ ಮಗುವನ್ನು ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಸಮಯ. ಆಮೇಲೆ ಮಕ್ಕಳ ಕಲ್ಯಾಣ ಸಮಿತಿ ‘ಈ ಮಗುವನ್ನು ದತ್ತು ಕೊಡಬಹುದು’ ಅಂತ ಘೋಷಿಸುತ್ತದೆ. ಅಂದರೆ ಕೊಡುವ ಕೈಯ ಜಾಗದಲ್ಲಿ ಈಗ ಒಂದು ಸಮಿತಿ, ಒಂದು ಸಂಸ್ಥೆ, ದೆಹಲಿಯಲ್ಲಿ ‘ಕಾರಾ’ ಅನ್ನುವ ಕೇಂದ್ರ ಪ್ರಾಧಿಕಾರ. ಮೊದಲು ನ್ಯಾಯಾಲಯ ಕೊಡುತ್ತಿದ್ದ ಆದೇಶವನ್ನು 2022ರಿಂದ ಜಿಲ್ಲಾಧಿಕಾರಿ ಕೊಡುತ್ತಾರೆ.

ಕಾಗದದ ಮಾತು ಸಾಕು. ಕೆಲವು ವರ್ಷಗಳ ಹಿಂದೆ ಬಸವನಗುಡಿಯಲ್ಲಿ ನಮ್ಮ ಪಕ್ಕದ ಮನೆಯ ಮಹಡಿಗೆ ಒಂದು ವಿದೇಶಿ ಜೋಡಿ ಬಂತು. ಜೊತೆಗೆ ಎರಡು ವರ್ಷದ ಹುಡುಗಿ. ಒಂದು ವಾರದ ಹಿಂದಷ್ಟೇ ಅವರ ಮಗಳಾದವಳು. ಎರಡು ವರ್ಷ ಅಂದರೆ ಬಲು ಕಷ್ಟದ ವಯಸ್ಸು. ಮೂರು ತಿಂಗಳ ಕೂಸಾದರೆ ಯಾವ ಭಾಷೆಯಾದರೂ ಸರಿ. ಇವಳಿಗೆ ಆಗಲೇ ಸ್ವಂತ ಆಸ್ತಿ ಅಂತ ಇಪ್ಪತ್ತು ಪದ ಇದ್ದವು, ಎಲ್ಲಾ ಕನ್ನಡದವು. ಆ ತಾಯಿ ನೋಟ್‌ಬುಕ್ ಹಿಡಿದು ನಮ್ಮ ಮನೆಗೆ ಬಂದರು. ‘ಮಮ್ಮು’ ಅಂದರೆ ಊಟ. ‘ತಾಚಿ’ ಅಂದರೆ ನಿದ್ದೆ. ‘ಗುಮ್ಮ’ ಯಾರು ಅಂತ ವಿವರಿಸಲು ನಾನೇ ಒದ್ದಾಡಿದೆ. ಬಟ್ಟಲು ದೂರ ತಳ್ಳಿ ಅವಳು ‘ಚಾಕು’ ಅನ್ನುತ್ತಿದ್ದಳು. ಗೂಗಲ್ ಅದಕ್ಕೆ ಚೂರಿ ಅಂತ ಅರ್ಥ ಕೊಟ್ಟಿತ್ತು, ಪಾಪ, ಇಬ್ಬರೂ ಗಾಬರಿಯಾಗಿದ್ದರು. ಅದು ‘ಸಾಕು’ ಅಂದೆ. ಬೇಡ, ಹೊಟ್ಟೆ ತುಂಬಿತು ಅಂತ. ಮಕ್ಕಳನ್ನು ಬೆಳೆಸುವುದಕ್ಕೂ ನಾವು ಸಾಕು ಅಂತಲೇ ಹೇಳ್ತೀವಿ ಅಂದಾಗ ಅವರು ಪೆನ್ನು ಕೆಳಗಿಟ್ಟರು. ಪಾಸ್‌ಪೋರ್ಟ್ ಬರುವವರೆಗೆ ದಿನಾ ಬೆಳಗ್ಗೆ ಮಹಡಿಯಿಂದ ಅವರ ಕನ್ನಡ ಕೇಳುತ್ತಿತ್ತು: ‘ಚಾಕಾ? ಬೇಕಾ?’ ಮಗಳ ಉಚ್ಚಾರಣೆಯನ್ನೇ ಕಲಿತಿದ್ದರು.

ಒಂದು ಸರ್ಕಾರ ಒಪ್ಪಿದ ದತ್ತನ್ನು ಇನ್ನೊಂದು ಒಪ್ಪಬೇಕಲ್ಲ, ಅದೇ ಇನ್ನೊಂದು ತೊಡಕು. ಇದು ಕನ್ನಡಿಗರಿಗೆ ಹೊಸದೇನಲ್ಲ. 1824ರಲ್ಲಿ ಕಿತ್ತೂರಿನ ದತ್ತುಮಗ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ, ಯುದ್ಧವೇ ಆಯಿತು. ಈಗ ಹೇಗ್ ಒಪ್ಪಂದದಂತೆ ದತ್ತು ನಡೆದ ದೇಶ ಒಂದು ಪ್ರಮಾಣಪತ್ರ ಕೊಟ್ಟರೆ, ಒಪ್ಪಂದಕ್ಕೆ ಸೇರಿದ ಉಳಿದ ದೇಶಗಳೂ ಅದನ್ನು ಮನ್ನಿಸಬೇಕು.

‘ನಾವು ಇಲ್ಲಿಂದ ಹೋಗಿ ಬೇರೆ ದೇಶದ ಮಗು ತರಬಹುದಾ?’ ಅಂತ ಕೇಳುವವರಿದ್ದಾರೆ. ತರಬಹುದು, ನಿಯಮದಲ್ಲಿ ದಾರಿ ಇದೆ. ಸುಮ್ನೆ ವಿಮಾನ ಹತ್ತಿದರೆ ಆಗಲ್ಲ. ನಿಮ್ಮ ಮನೆಗೆ ಸಮಾಜ ಕಾರ್ಯಕರ್ತರು ಬಂದು ವರದಿ ಬರೆಯಬೇಕು. ಆ ದೇಶ ಒಪ್ಪಂದಕ್ಕೆ ಸೇರಿದ್ದರೆ ಕಾರಾದ ಒಪ್ಪಿಗೆಯೂ ಬೇಕು. ದತ್ತು ನಡೆಯುವುದು ಆ ದೇಶದ ಕಾನೂನಿನಂತೆ, ಅಲ್ಲಿಯೇ. ಎಲ್ಲಾ ಮುಗಿದು ಹೊರಡುವಾಗ ಮಗುವಿನ ಕೈಯಲ್ಲಿರುವುದು ವಿದೇಶಿ ಪಾಸ್‌ಪೋರ್ಟ್ ಆದರೆ ಭಾರತದ ರಾಯಭಾರ ಕಚೇರಿಯಿಂದ ಅದಕ್ಕೆ ವೀಸಾ ಪಡೆಯಬೇಕು. ಅಂದರೆ ದೇವನಹಳ್ಳಿಯಲ್ಲಿ ಇಳಿದಾಗ ಅಪ್ಪ ಅಮ್ಮ ಭಾರತೀಯರ ಸಾಲಿನವರು, ಅಮ್ಮನ ಹೆಗಲ ಮೇಲೆ ನಿದ್ದೆ ಹೋಗಿರುವ ಮಗು ಮಾತ್ರ ವಿದೇಶಿಯರ ಸಾಲಿನದು.