ಆರೆಂಜ್ ಅಲರ್ಟ್ ಅಂದ್ರು, ನಮ್ಮೂರಲ್ಲಿ ಹನಿಯೂ ಬೀಳಲಿಲ್ಲ. ಯಾಕೆ?

ಓದುಗರ ಪ್ರಶ್ನೆ: ಚಿಕ್ಕಮಗಳೂರು ಜಿಲ್ಲೆಗೆ ಆರೆಂಜ್ ಅಲರ್ಟ್ ಅಂತ ಬೆಳಿಗ್ಗೆಯೇ ವಾಟ್ಸಾಪ್‌ನಲ್ಲಿ ಬರುತ್ತದೆ. ನಮ್ಮ ಕಡೂರಿನಲ್ಲಿ ನೋಡಿದರೆ ಚುರುಚುರು ಬಿಸಿಲು. ಈ ವರದಿಯನ್ನು ನಂಬಬೇಕಾ?

ನಂಬಿ. ಆದರೆ ಆ ಬಣ್ಣ ಕೊಟ್ಟಿರುವುದು ಇಡೀ ಜಿಲ್ಲೆಗೆ. ಅದೇ ಜಿಲ್ಲೆಯಲ್ಲಿ ಕಡೂರಿನ ಬಯಲೂ ಇದೆ, ಶೃಂಗೇರಿ, ಕೊಪ್ಪ, ಮೂಡಿಗೆರೆಯ ಮಲೆನಾಡೂ ಇದೆ. ಮುಂಗಾರಿನ ಮೋಡ ಅರಬ್ಬೀ ಸಮುದ್ರದಿಂದ ಬಂದು ಘಟ್ಟ ಹತ್ತುವಾಗಲೇ ಜಾಸ್ತಿ ನೀರನ್ನು ಸುರಿಸಿಬಿಡುತ್ತದೆ. ಬಾಬಾಬುಡನ್‌ಗಿರಿ ಸಾಲು ದಾಟಿ ನಿಮ್ಮ ಕಡೆ ಬರುವಷ್ಟರಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಹಾಸನದಲ್ಲೂ ಹೀಗೇ ಅಲ್ವಾ? ಸಕಲೇಶಪುರದಲ್ಲಿ ಕೊಡೆ ಮಡಚಲು ಆಗದ ದಿನ ಅರಸೀಕೆರೆಯಲ್ಲಿ ಧೂಳು ಏಳುತ್ತಿರುತ್ತದೆ.

ಬಣ್ಣದ ಜೊತೆಗಿರುವ ಸಾಲನ್ನೂ ಓದಿ. ‘ಒಂದೆರಡು ಕಡೆ ಭಾರಿ ಮಳೆ’ ಎಂದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಾತ್ರ ಅಷ್ಟು ಮಳೆ ಆಗಬಹುದು ಎಂದರ್ಥ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ 64.5 ಮಿ.ಮೀ. ಬಿದ್ದರೆ ಭಾರಿ ಮಳೆ. 115.6 ಆದರೆ ಅತಿ ಭಾರಿ, 204.5 ಮುಟ್ಟಿದರೆ ಅದಕ್ಕೂ ಮೇಲಿನದು. ತೋಟದವರ ಲೆಕ್ಕದಲ್ಲಿ ಹೇಳುವುದಾದರೆ ಎರಡೂವರೆ, ನಾಲ್ಕೂವರೆ, ಎಂಟು ಇಂಚು. ಹಳದಿ ಎಂದರೆ ಗಮನ ಇಡಿ, ಆರೆಂಜ್ ಎಂದರೆ ತಯಾರಾಗಿ, ಕೆಂಪು ಎಂದರೆ ಇನ್ನು ಕಾಯಬೇಡಿ.

ಬಿಸಿಲಿನಲ್ಲಿ ಕೂತವರಿಗೂ ಈ ಅಲರ್ಟ್ ಬೇಕು. ನಿಮ್ಮ ಮಗಳು ಅವತ್ತು ಚಾರ್ಮಾಡಿ ಘಾಟಿಯಲ್ಲಿ ಮಂಗಳೂರಿಗೆ ಹೊರಟಿರಬಹುದು. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ. ಅಲ್ಲಿ ಸುರಿದ ನೀರು ಸಕಲೇಶಪುರ ಹಾದು ಗೊರೂರು ಅಣೆಕಟ್ಟೆಗೆ ಬರುತ್ತದೆ. ಕಟ್ಟೆ ತುಂಬಿ ನೀರು ಬಿಟ್ಟರೆ ಹೊಳೆನರಸೀಪುರದ ಕಡೆ ಹೊಳೆದಂಡೆಯ ಪಂಪ್‌ಸೆಟ್ ಮುಳುಗುತ್ತದೆ. ಅವತ್ತು ಅಲ್ಲಿ ಮೋಡವೇ ಇಲ್ಲದಿರಬಹುದು.

ಮಲೆನಾಡಿನವರಿಗೆ ನನ್ನ ಕಳಕಳಿಯ ಮಾತು ಬೇರೆಯೇ ಇದೆ. ಇವತ್ತಿನ ಬಣ್ಣವನ್ನಷ್ಟೇ ನೋಡಬೇಡಿ, ಹಿಂದಿನ ನಾಲ್ಕೈದು ದಿನದ ಮಳೆಯನ್ನೂ ಕೂಡಿಸಿ. 2019ರ ಆಗಸ್ಟ್‌ನಲ್ಲಿ ಬಿಡದೆ ಹೊಯ್ದ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿತು. ನೀರು ಕುಡಿದು ಭಾರವಾದ ಮಣ್ಣಿಗೆ ಹಳದಿ ಅಲರ್ಟಿನ ಮಳೆಯೂ ಸಾಕಾಗಬಹುದು. ಮನೆ ಹಿಂದಿನ ಧರೆಯಲ್ಲಿ ಹೊಸ ಬಿರುಕು, ಇಲ್ಲದ ಕಡೆ ಒರತೆ, ವಾಲಿದ ಮರ, ತಿಳಿಯಾಗಿದ್ದ ಹಳ್ಳ ದಿಢೀರನೆ ಕೆಂಪಾಗುವುದು ಅಥವಾ ಇಳಿದುಹೋಗುವುದು, ಇವುಗಳಲ್ಲಿ ಒಂದು ಕಂಡರೂ ಸಾಮಾನಿನ ಆಸೆ ಬಿಟ್ಟು ಹೊರಡಿ. ರಾತ್ರಿಯಾಗುವುದಕ್ಕೆ ಮೊದಲೇ ಹೊರಡಿ. ದನಗಳ ಹಗ್ಗ ಬಿಚ್ಚಿಬಿಡಿ. ಜಿಲ್ಲಾಡಳಿತದ ಸಹಾಯವಾಣಿ 1077, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112.

ನಿಮ್ಮ ಪಂಚಾಯಿತಿಯಲ್ಲಿ ನಿಜಕ್ಕೂ ಎಷ್ಟು ಮಳೆ ಆಯಿತು ಎಂದು ತಿಳಿಯಲು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಅವರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಹೇಳುತ್ತಾರೆ. ನೀವು ಘಾಟಿ ಇಳಿಯುವವರಾದರೆ, ಹೊರಡುವ ಮುಂಚೆ ಚಾರ್ಮಾಡಿ ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರದಲ್ಲಿ ಪರಿಚಯದವರಿದ್ದರೆ ಅವರಿಗೂ ಒಂದು ಫೋನ್ ಮಾಡಿ ಕೇಳಿ.